ಬೆಟಗೇರಿಯ ಪರದೆ ಖಾನಾವಳಿ: ಮೊದಲ ಸಲ ಹೋಗುವವರಿಗೆ

ಗದಗಿನಲ್ಲಿ ಮಿರ್ಚಿ ಸಿಗದ ಊಟದ ಮನೆ ಒಂದಿದೆ. ಬಜಿ ಇಲ್ಲ, ಪೂರಿ ಇಲ್ಲ. ಹಪ್ಪಳ ಉಂಟು, ಆದರೆ ಕೆಂಡದ ಮೇಲೆ ಸುಟ್ಟದ್ದು. ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಬೋರ್ಡಿಲ್ಲದ ಹಳೇ ಮನೆಯಲ್ಲಿ ನಡೆಯುವ ಈ ಖಾನಾವಳಿಯಲ್ಲಿ ಕರಿಯುವ ಬಾಣಲೆಯನ್ನೇ ಇಟ್ಟಿಲ್ಲ. ಊಟದ ಕೋಣೆಯ ಗೋಡೆಗಳ ಮೇಲೆ ಕಂಪನಿ ನಾಟಕದ ಹಳೆಯ ಪರದೆಗಳು ಇರುವುದೇ ಅದಕ್ಕೆ ಕಾರಣ. ಬಣ್ಣದ ಪರದೆಗೂ ಅಡುಗೆಮನೆಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಎರಡನ್ನೂ ಒಂದೇ ಸೂರಿನ ಕೆಳಗೆ ಬಾಳಿಸಲು ಇಲ್ಲಿಯವರು ಏನೇನು ಕಟ್ಟುಪಾಡು ಮಾಡಿಕೊಂಡಿದ್ದಾರೆ ಎಂಬುದು ಗೊತ್ತಾದರೆ ಮೊದಲ ಭೇಟಿಯೇ ಸರಿಯಾಗಿ ಆಗುತ್ತದೆ. ಗೊತ್ತಿಲ್ಲದೆ ಹೋದವರು ಅರ್ಧ ಊಟ, ಅರ್ಧ ನೋಟ ಮಾಡಿ ಬರುತ್ತಾರೆ.

ಮನೆಯವರು ಹೆಸರು ಬರೆಯಬೇಡಿ ಎಂದಿದ್ದಾರೆ. ಒಂದು ಹೊತ್ತಿಗೆ ಹದಿನಾರು ಜನಕ್ಕಿಂತ ಹೆಚ್ಚು ಕೂರಲು ಜಾಗವಿಲ್ಲ, ನುಗ್ಗಾಟ ಬೇಡ ಎಂಬುದು ಅವರ ಮಾತು. ಊರಿನಲ್ಲಿ ವಿಚಾರಿಸಿದರೆ ಸಿಗುತ್ತದೆ. ನಾಟಕದವರನ್ನು ಕೇಳಿ, ಇಲ್ಲವೇ ಮಗ್ಗದವರನ್ನು ಕೇಳಿ.

ಮೊದಲ ಕೆಲಸ ಫೋನು. ಎರಡು ದಿನ ಮೊದಲೇ ಮಾಡಬೇಕು. ಊಟದ ಪಲ್ಯಕ್ಕೆ ಬೇಕಾದ ಮಡಕಿಕಾಳನ್ನು ಒಂದು ರಾತ್ರಿ ನೆನೆಹಾಕಿ, ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇನ್ನೊಂದು ರಾತ್ರಿ ಇಟ್ಟರೆ ಮಾತ್ರ ಮೊಳಕೆ ಬೇಕಾದಷ್ಟು ಉದ್ದ ಬರುತ್ತದೆ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಬೇಕು. ಜೋಳವನ್ನೂ ಎಣಿಕೆ ನೋಡಿಯೇ ಗಿರಣಿಗೆ ಕಳಿಸುತ್ತಾರೆ. ಹಿಟ್ಟು ಹಳೇದಾದರೆ ಜಿಗಿ ಹೋಗುತ್ತದೆ, ಬಡಿಯುವಾಗಲೇ ರೊಟ್ಟಿಯ ಅಂಚು ಸೀಳುತ್ತದೆ. ಹಾಗಾಗಿ ಆರು ಜನ ಎಂದು ಹೇಳಿ ಹತ್ತು ಜನ ಹೋದರೆ ಅವರು ಹೊರಗಿನಿಂದ ತಂದು ತುಂಬಿಸುವುದಿಲ್ಲ, ಇದ್ದದ್ದನ್ನೇ ಹಂಚುತ್ತಾರೆ. ಫೋನಿನಲ್ಲಿ ಎಷ್ಟು ಜನ, ಎಷ್ಟು ಹೊತ್ತಿಗೆ, ಖಾರ ತಿನ್ನದವರು ಯಾರು, ಮಂಡಿ ನೋವಿನವರು ಯಾರು, ಇಷ್ಟನ್ನೂ ಹೇಳಿಬಿಡಿ. ಕೊನೆಯದು ಯಾಕೆ ಎಂಬುದು ಮುಂದೆ ಬರುತ್ತದೆ. ಊಟದ ದರವನ್ನೂ ಆಗಲೇ ಹೇಳುತ್ತಾರೆ. ಎಷ್ಟು ಉಂಡರೂ ತಲೆಗೆ ಅಷ್ಟೇ.

ಹೊತ್ತು ಆರಿಸಿಕೊಳ್ಳುವಾಗ ಮಧ್ಯಾಹ್ನ ಹನ್ನೆರಡೂವರೆಯ ಪಂಕ್ತಿಯನ್ನೇ ಕೇಳಿ. ರಾತ್ರಿ ಊಟವೂ ಇದೆ. ಆದರೆ ಹಗಲಿನಲ್ಲಿ ಮಾಡಿನ ಬೆಳಕಿಂಡಿಯಿಂದ ಬರುವ ಬೆಳಕಿನಲ್ಲಿ ಪರದೆಯ ಬಣ್ಣ ಇದ್ದ ಹಾಗೆ ಕಾಣುತ್ತದೆ. ಬೆಳಕಿಂಡಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದ್ದಾರೆ. ನೇರ ಬಿಸಿಲು ಬಿದ್ದರೆ ಕೆಂಪು, ಗುಲಾಬಿ ಬಣ್ಣಗಳು ಮೊದಲು ಮಾಸುತ್ತವೆ, ನೀಲಿ ಮತ್ತು ಕಾವಿ ತಡೆಯುತ್ತವೆ. ರಾಜನ ದರ್ಬಾರು ಬರೆದ ಪರದೆಯ ಒಂದು ಮೂಲೆಯಲ್ಲಿ ಗುಲಾಬಿ ಜಾಲರು ಬೂದಿ ಬಣ್ಣಕ್ಕೆ ತಿರುಗಿರುವುದು ಆ ಬಟ್ಟೆ ಕಟ್ಟುವ ಮುಂಚಿನ ಹಾನಿ.

ಹುಬ್ಬಳ್ಳಿಯಿಂದ ಬರುವವರಿಗೆ ರೈಲೇ ಅನುಕೂಲ. ಗದಗ ಜಂಕ್ಷನ್ನಿನಲ್ಲಿ ಇಳಿದು ಬೆಟಗೇರಿಗೆ ಆಟೋ ಹಿಡಿಯಬಹುದು. ಓಣಿಯೊಳಗೆ ಆಟೋ ಹೋಗುವುದಿಲ್ಲ, ಬಾಯಲ್ಲೇ ಇಳಿದು ನಡೆಯಬೇಕು. ಮೊಬೈಲಿನ ಮ್ಯಾಪು ಹಿತ್ತಲ ಬಾಗಿಲಿಗೆ ಕರೆದೊಯ್ಯುತ್ತದೆ. ಅಲ್ಲಿ ಒಲೆ ಇದೆ, ಕಟ್ಟಿಗೆ ಇದೆ, ಒಳಗೆ ಬಿಡುವುದಿಲ್ಲ. ಮುಂಬಾಗಿಲು ಹಿಂದಿನ ಓಣಿಯಲ್ಲಿದೆ. ಗುರುತು ಬೇಕೆಂದರೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಹಳೇ ರಾಟೆ ಇಟ್ಟಿದ್ದಾರೆ, ನೂಲಿನ ರಾಟೆಯಲ್ಲ, ಪರದೆ ಎಳೆಯುವ ಮರದ ಗಡಗಡಿ, ಹಗ್ಗ ಉಜ್ಜಿದ ಕೊರಕಲು ಇನ್ನೂ ಆಳವಾಗಿದೆ.

ಬಾಗಿಲಲ್ಲಿ ಚಪ್ಪಲಿ ಬಿಡುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಬ್ಯಾಗನ್ನೂ ಬಿಡಬೇಕು. ಹೆಗಲಿನ ಬ್ಯಾಗು ಹಿಂದೆ ಚಾಚಿಕೊಂಡಿರುತ್ತದೆ. ತಿರುಗಿದಾಗ ಪರದೆಗೆ ತಾಗಿ ಬಣ್ಣ ಉಜ್ಜಿಹೋಗುತ್ತದೆ, ತಾಗಿದ್ದು ಹೊತ್ತವರಿಗೆ ಗೊತ್ತೂ ಆಗುವುದಿಲ್ಲ. ಕೊಡೆ ಒಳಗೆ ಬರಕೂಡದು. ಕೈಕಾಲು ತೊಳೆದ ಮೇಲೆ ಒಣ ಪಂಚೆ ಕೊಡುತ್ತಾರೆ, ಪೂರ್ತಿ ಒರೆಸಿಕೊಳ್ಳಬೇಕು. ಈ ಒರೆಸುವ ವಿಷಯದಲ್ಲಿ ಮನೆಯ ಅಜ್ಜಿ ಬಹಳ ಬಿಗಿ. "ಕೈ ಒಣಗಿಸ್ಕೊಳ್ರಿ, ಆಮ್ಯಾಗ ಒಳಗ ಹೋಗ್ರಿ" ಎಂದು ಬಾಗಿಲಲ್ಲೇ ನಿಂತು ನೋಡುತ್ತಾರೆ. ಪರದೆಯ ಬಣ್ಣ ನೀರಿಗೆ ಕರಗುವಂಥದ್ದು. ಒದ್ದೆ ಬೆರಳು ಒಂದು ಸಲ ತಾಗಿದರೆ ಆ ಕಲೆ ಅಲ್ಲೇ ಉಳಿಯುತ್ತದೆ.

ಮೊದಲು ಸಿಗುವುದು ಪಡಸಾಲೆ. ಇಲ್ಲಿ ದೊಡ್ಡಾಟದ, ಅಂದರೆ ಈ ಕಡೆಯ ಬಯಲಾಟದ ಒಡವೆಗಳಿವೆ: ಕಿರೀಟ, ಭುಜಕೀರ್ತಿ, ಎದೆಹಾರ, ಸೊಂಟದ ಡಾಬು. ಹಗುರ ಮರದಲ್ಲಿ ಕೊರೆದು, ಮೇಲೆ ಬಣ್ಣದ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿಯ ಚೂರು ಕೂರಿಸಿದ್ದು. ರಾತ್ರಿಯಿಡೀ ತಲೆಯ ಮೇಲೆ ಹೊರಬೇಕಾದ ವಸ್ತುವಾದ್ದರಿಂದ ಮರ ಹಗುರ ಇರಲೇಬೇಕು. ಒಂದನ್ನು ಕೈಗೆ ಕೊಡುತ್ತಾರೆ, ಎತ್ತಿ ನೋಡಿ. ಕಣ್ಣಿಗೆ ಕಾಣುವ ಗಾತ್ರಕ್ಕೂ ಕೈಗೆ ಸಿಗುವ ಭಾರಕ್ಕೂ ತಾಳೆಯೇ ಆಗುವುದಿಲ್ಲ. ಉಳಿದವನ್ನು ಮುಟ್ಟುವ ಹಾಗಿಲ್ಲ. ಪಡಸಾಲೆಯ ಇನ್ನೊಂದು ಗೋಡೆಗೆ ಇಳಕಲ್ ಸೀರೆಯ ಮೇಲೆ ಹಾಕಿದ ಕಸೂತಿ ಇದೆ, ಗವಂತಿ ಮತ್ತು ಮುರಗಿ ಹೊಲಿಗೆಯದು. ಕೆಳಗೆ ಹಾಸಿದ್ದು ನವಲಗುಂದದ ಜಮಖಾನೆ. ಎಲ್ಲವೂ ಚೆಂದ, ಆದರೆ ಇಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಒಳಗಿನ ಕೋಣೆ ಹೆಚ್ಚು ಹೊತ್ತು ಬೇಡುತ್ತದೆ, ರೊಟ್ಟಿ ಬರುವ ಮುಂಚೆ ಅದನ್ನು ನೋಡಿ ಮುಗಿಸಿರಬೇಕು.

ಒಳಗಿನದು ಮಗ್ಗದ ಕೋಣೆ. ಉದ್ದ ಸುಮಾರು ಇಪ್ಪತ್ತೆರಡು ಅಡಿ, ಎತ್ತರ ಹತ್ತೂವರೆ. ಮಗ್ಗಗಳು ಹೋಗಿವೆ, ನೆಲದ ಕುಣಿಗಳು (ಗುಂಡಿಗಳು) ಉಳಿದಿವೆ. ಕುಣಿಮಗ್ಗದಲ್ಲಿ ನೇಕಾರ ಕುಣಿಯ ಅಂಚಿನಲ್ಲಿ ಕೂತು, ಕಾಲು ಕೆಳಗೆ ಬಿಟ್ಟು ಹಲಗೆ ತುಳಿಯುತ್ತಾನೆ. ಊಟಕ್ಕೆ ಕೂರುವವರಿಗೂ ಇಲ್ಲಿ ಅದೇ ಜಾಗ. ಎರಡೂವರೆ ಅಡಿ ಆಳದ ನಾಲ್ಕು ಕುಣಿ, ಒಂದೊಂದಕ್ಕೆ ನಾಲ್ಕು ಜನ. ಕುಣಿಯ ಮೇಲೆ ಸಾಗುವಾನಿ ಹಲಗೆ ಅಡ್ಡ ಹಾಕುತ್ತಾರೆ, ಅದೇ ಟೇಬಲ್ಲು. ಇಳಿಯುವಾಗ ಎರಡೂ ಅಂಗೈ ಹಿಂದಿನ ನೆಲಕ್ಕೆ ಊರಿ ಮೊದಲು ಕೂತು ಆಮೇಲೆ ಕಾಲು ಬಿಡಬೇಕು. ನಿಂತುಕೊಂಡೇ ಒಂದು ಕಾಲು ಇಳಿಸಲು ಹೋದರೆ ಮೊಣಕಾಲ ಚಿಪ್ಪು ಅಂಚಿಗೆ ಬಡಿಯುತ್ತದೆ. ಮಂಡಿ ನೋವಿನವರಿಗೆ ಬಾಗಿಲ ಬದಿಯಲ್ಲಿ ಬೆಂಚಿದೆ. ಮೊದಲೇ ಹೇಳಿದ್ದರೆ ಅದನ್ನು ಪರದೆಯ ಎದುರಿಗೆ ತಂದು ಇಟ್ಟಿರುತ್ತಾರೆ.

ಈಗ ಪರದೆಗಳು. ಪಡುವಣ ಗೋಡೆಗೆ ದರ್ಬಾರಿನ ದೃಶ್ಯದ ಪರದೆ, ಎದುರಿಗೆ ರಸ್ತೆಯದು. ಅರಣ್ಯದ ಪರದೆ ತೊಲೆಯ ಹತ್ತಿರ ಸುರುಳಿಯಾಗಿ ಮೇಲೇ ಇರುತ್ತದೆ, ಅದನ್ನು ಇಳಿಸುವುದು ಊಟ ಮುಗಿದ ಮೇಲೆ. ಬಾಗಿಲ ಎರಡೂ ಬದಿಗೆ ಕಿರಿದಾದ ವಿಂಗುಗಳು, ಅಂದರೆ ರಂಗದ ಪಕ್ಕಕ್ಕೆ ನಿಲ್ಲಿಸುವ ಪರದೆಗಳು ನಿಂತಿವೆ, ಒಂದರಲ್ಲಿ ಬಾಳೆಗಿಡ, ಇನ್ನೊಂದರಲ್ಲಿ ಕಂಬ ಮತ್ತು ದೀಪ.

ಗದಗಿನಲ್ಲಿ ಇಂಥ ಪರದೆಗಳು ಇರುವುದು ಆಶ್ಚರ್ಯವಲ್ಲ. 1870ರ ದಶಕದಲ್ಲೇ ಶಾಂತಕವಿಗಳು ಇಲ್ಲಿ ವೀರನಾರಾಯಣನ ಹೆಸರಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದೇ ಊರಿನದು. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಅಂಧ ಕಲಾವಿದರನ್ನು ಕಟ್ಟಿಕೊಂಡು ಕಂಪನಿ ನಡೆಸಿದ್ದೂ ಇಲ್ಲಿಂದಲೇ. ಕಂಪನಿ ಅಂದ ಮೇಲೆ ಪರದೆ ಬರೆಯುವವರು ಬೇಕೇ ಬೇಕು. ಮರಾಠಿ ಕಂಪನಿಗಳು ಈ ಭಾಗದಲ್ಲಿ ಸುತ್ತುತ್ತಿದ್ದ ಕಾಲದಲ್ಲಿ ಅವರ ಪರದೆಗಳನ್ನು ನೋಡಿ ಇಲ್ಲಿಯವರೂ ಕಲಿತರು. ಮುಂದೆ ಸಿನಿಮಾ ಮಾಡಿ ಹೆಸರಾದ ಕೊಲ್ಹಾಪುರದ ಬಾಬುರಾವ್ ಪೇಂಟರ್ ಶುರುವಿನಲ್ಲಿ ನಾಟಕದ ಪರದೆ ಬರೆಯುತ್ತಿದ್ದವರೇ. ಈ ಮನೆಯ ಪರದೆಗಳಲ್ಲಿ ಬರೆದವರ ರುಜು ಇಲ್ಲ. ಪರದೆಯ ಮೇಲೆ ಕಂಪನಿಯ ಹೆಸರು ಬರೆಸುತ್ತಿದ್ದರೇ ಹೊರತು ಪೇಂಟರನ ಹೆಸರಿಗೆ ಜಾಗ ಕೊಟ್ಟವರು ಕಡಿಮೆ. ಇದು ಬೇಸರದ ವಿಷಯ. ಇಷ್ಟು ಕೈ ಪಳಗಿದ ಕೆಲಸ ಹೆಸರಿಲ್ಲದೆ ಉಳಿದಿದೆ.

ದರ್ಬಾರಿನ ಪರದೆಯನ್ನು ಎರಡು ಬಗೆಯಲ್ಲಿ ನೋಡಬೇಕು, ಮೊದಲು ಹತ್ತಿರದಿಂದ. ಗೋಡೆಗೂ ಪರದೆಗೂ ನಡುವೆ ಒಂದೂವರೆ ಅಡಿ ಜಾಗ ಬಿಟ್ಟಿದ್ದಾರೆ, ಗಾಳಿ ಆಡಲಿ ಎಂದು. ಆ ಸಂದಿಯಲ್ಲಿ ಟಾರ್ಚ್ ಹಿಡಿದರೆ ಬಟ್ಟೆಯ ಹಿಂಬದಿ ಕಾಣುತ್ತದೆ: ಮಾಂಜರಪಾಟದ (ಒರಟು ಹತ್ತಿ ಬಟ್ಟೆಯ) ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಹೊಲಿದದ್ದು. ಹೊಲಿಗೆ ಅಡ್ಡ ಇದ್ದರೆ ಪರದೆಯ ಭಾರಕ್ಕೆ ಎಳೆದುಕೊಂಡು ಸಪಾಟಾಗಿ ನಿಲ್ಲುತ್ತದೆ. ಉದ್ದಕ್ಕೆ ಹೊಲಿದರೆ ಹೊಲಿಗೆಯ ಗುಂಟ ಮಡಿಕೆ ಬಿದ್ದು ದೀಪದ ಬೆಳಕಿನಲ್ಲಿ ನೆರಳು ಗೆರೆಗಳು ಏಳುತ್ತವೆ. ಬಟ್ಟೆಗೆ ಮೊದಲು ಗಂಜಿ, ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ಮರವಜ್ರದಲ್ಲಿ, ಅಂದರೆ ದನದ ತೊಗಲು-ಎಲುಬು ಕುದಿಸಿ ತೆಗೆದ ಅಂಟಿನಲ್ಲಿ ಕಲಸಿದ ಬಿಳಿ ಅಸ್ತರು. ಅದು ಒಣಗಿದ ಮೇಲೆ ಇದ್ದಿಲ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿಯಾಗಿ ಹಿಡಿದು ನಡುವೆ ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಬಲಗಡೆಯ ಮೂರನೇ ಕಂಬದ ಬುಡದಲ್ಲಿ ಆ ಇದ್ದಿಲ ಗೆರೆ ಇನ್ನೂ ಕಾಣುತ್ತದೆ, ಮೇಲೆ ಬಂದ ಹಳದಿ ತೆಳುವಾಗಿದ್ದರಿಂದ.

ಬಣ್ಣ ಎಂದರೆ ಪುಡಿ ಬಣ್ಣ, ಬೆಚ್ಚಗಿನ ಮರವಜ್ರದ ನೀರಿನಲ್ಲಿ ಕಲಸಿದ್ದು. ಅಂಟು ತಣ್ಣಗಾದರೆ ಗಟ್ಟಿಯಾಗುತ್ತದೆ, ಆದ್ದರಿಂದ ಡಬ್ಬಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಂಡೇ ಬರೆಯಬೇಕು. ಅಂಟು ಹೆಚ್ಚಾದರೆ ಒಣಗಿದ ಮೇಲೆ ಬಣ್ಣ ಬಿರಿಯುತ್ತದೆ, ಸುತ್ತುವಾಗ ಹಕ್ಕಳೆ ಏಳುತ್ತದೆ. ಕಡಿಮೆಯಾದರೆ ಕೈ ಸೋಕಿದರೂ ಪುಡಿ ಉದುರುತ್ತದೆ. ಇನ್ನೊಂದು ತೊಡಕು, ಹಸಿ ಇದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಸಾಕಷ್ಟು ತಿಳಿಯಾಗುತ್ತದೆ. ಪೇಂಟರನು ಒಣಗಿದ ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಸಿ ಬಣ್ಣ ಹಚ್ಚಬೇಕು. ದರ್ಬಾರಿನ ಸಿಂಹಾಸನದ ಹಿಂದಿನ ಕತ್ತಲೆಯಲ್ಲಿ ಆ ಲೆಕ್ಕ ತಪ್ಪಿಲ್ಲ. ಕಂದು, ಕಡುನೀಲಿ, ಕಪ್ಪು ಮೂರೂ ಬೇರೆಬೇರೆಯಾಗಿ ಉಳಿದಿವೆ.

ಹತ್ತಿರದಿಂದ ನೋಡಿದರೆ ಕಂಬ ಕಂಬವಾಗಿ ಕಾಣುವುದಿಲ್ಲ. ಎರಡು ಬೆರಳಗಲದ ಬ್ರಶ್ಶಿನ ಬೀಸುಗೆರೆಗಳು, ಒಂದು ಬಿಳಿ, ಪಕ್ಕಕ್ಕೆ ಕಾವಿ, ಅದರ ಪಕ್ಕ ಹಸಿರು ಮಿಶ್ರಿತ ಬೂದಿ, ಒಂದಕ್ಕೊಂದು ಕೂಡಿಸಿಯೂ ಇಲ್ಲ. ಕಿರೀಟದ ಹರಳು ಎಂದು ತೋರುವುದು ಒಂದೇ ಒಂದು ಬಿಳಿ ಚುಕ್ಕೆ, ಕೆಳಗೆ ಒಂದು ಕೆಂಪು ಗೀಟು. ಇದು ದೂರ ಕೂತವರಿಗಾಗಿ, ಗ್ಯಾಸ್‌ಲೈಟಿನ ಬೆಳಕಿಗಾಗಿ ಬರೆದದ್ದು. ಹತ್ತಿರ ನಿಂತು ಒರಟು ಕೆಲಸ ಎಂದು ತೀರ್ಮಾನಿಸಿ ಹೋಗುವವರು ಇದ್ದಾರೆ. ಅವರು ಕುಣಿಯಲ್ಲಿ ಕೂತು ನೋಡಿರುವುದಿಲ್ಲ.

ಎರಡನೇ ನೋಟ ಅಲ್ಲಿಂದಲೇ. ಪರದೆಯ ಅಸಲು ಎತ್ತರ ಹದಿನಾಲ್ಕು ಅಡಿ, ಕೋಣೆಯದು ಹತ್ತೂವರೆ. ಕತ್ತರಿಸಲು ಮನಸ್ಸಿಲ್ಲ, ಮಡಿಚಿದರೆ ಬಣ್ಣ ಒಡೆಯುತ್ತದೆ. ಆದ್ದರಿಂದ ಕೆಳಗಿನ ಸುಮಾರು ಮೂರೂವರೆ ಅಡಿಯನ್ನು ದಪ್ಪ ಬಿದಿರಿಗೆ ಸುತ್ತಿ ಹಾಗೇ ಬಿಟ್ಟಿದ್ದಾರೆ. ದರ್ಬಾರಿನ ನೆಲ ಮತ್ತು ಮೆಟ್ಟಿಲು ಆ ಸುರುಳಿಯೊಳಗಿವೆ. ಇದು ಕೊರತೆ ಎನಿಸಬಹುದು, ಆದರೆ ಇದರಿಂದ ಒಂದು ಉಪಕಾರವಾಗಿದೆ. ಎರಡು ಸಾಲು ಕಂಬಗಳು ಹಿಂದೆ ಹಿಂದೆ ಸರಿದು ಒಂದು ಬಿಂದುವಿಗೆ ಸೇರುವಂತೆ ಬರೆದಿದ್ದಾರೆ. ಆ ಬಿಂದು ಪರದೆಯ ಬುಡದಿಂದ ಆಳೆತ್ತರದಲ್ಲಿದೆ. ಬುಡ ಸುತ್ತಿದ್ದರಿಂದ ಈಗ ಅದು ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಇಳಿದಿದೆ. ಕುಣಿಯ ಅಂಚಿನಲ್ಲಿ ಕೂತವರ ಕಣ್ಣು ಕೂಡ ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಎರಡನೇ ಕುಣಿಯ ನಡು ಜಾಗದಲ್ಲಿ ಕೂತು ನೋಡಿ. ಕಂಬಗಳು ಸಾಲಿಗೆ ಬರುತ್ತವೆ, ಗೋಡೆ ಹಿಂದಕ್ಕೆ ಸರಿದು ಅರಮನೆ ಒಳಗೊಳಗೆ ತೆರೆದುಕೊಳ್ಳುತ್ತದೆ. ನಿಂತರೆ ಅದೇ ಕಂಬಗಳು ವಾಲುತ್ತವೆ. ಬೆಂಚಿನಲ್ಲಿ ಕೂತವರಿಗೆ ಅರ್ಧ ಮಾತ್ರ ದಕ್ಕುತ್ತದೆ. ಆದ್ದರಿಂದ ಫೋನಿನಲ್ಲೇ ಎರಡನೇ ಕುಣಿ ಕೇಳಿ. ದರ್ಬಾರಿಗೆ ಅದರಿಂದ ಎಂಟು ಅಡಿ ದೂರ, ಅದಕ್ಕಿಂತ ಹತ್ತಿರ ಬೇಡ. ನಾಲ್ಕನೇ ಕುಣಿಯಿಂದ ರಸ್ತೆಯ ಪರದೆ ಚೆನ್ನಾಗಿ ಕಾಣುತ್ತದೆ, ಆದರೆ ರಸ್ತೆ ಸಾಧಾರಣ ಕೆಲಸ, ಅಂಗಡಿ ಸಾಲು ಮತ್ತು ದೀಪದ ಕಂಬ ಅಷ್ಟೇ.

ಫೋಟೋ ತೆಗೆಯಬಹುದು. ಪರದೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯುವ ಹಾಗಿಲ್ಲ. ಚೌಕಟ್ಟಿಗೆ ಹಿಡಿಸಲೆಂದು ಜನ ಹಿಂದೆ ಹಿಂದೆ ಸರಿಯುತ್ತಾರೆ, ತಲೆಯ ಎಣ್ಣೆ ಪರದೆಗೆ ತಾಗುತ್ತದೆ. ರಸ್ತೆಯ ಪರದೆಯಲ್ಲಿ ಐದೂವರೆ ಅಡಿ ಎತ್ತರಕ್ಕೆ ಕಾಣುವ ಕಂದು ಕಲೆಗಳು ಹೀಗೆ ಬಂದವು.

ಊಟ ಬರುವ ಹೊತ್ತಿಗೆ ಕೈಲಿರುವ ಮೊಬೈಲು ಕೆಳಗಿಟ್ಟಿರಬೇಕು, ಏಕೆಂದರೆ ಬಿಸಿ ರೊಟ್ಟಿ ಕಾಯುವುದಿಲ್ಲ. ಮೊದಲು ತಟ್ಟೆಯ ಎಡಬದಿಗೆ ಉಪ್ಪು, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ. ಹಿಂಡಿಯ ನಡುವೆ ಕುಳಿ ಮಾಡಿ ಮೊಸರು ಇಲ್ಲವೇ ಹಸಿ ಎಣ್ಣೆ ಹಾಕುತ್ತಾರೆ. ಆಮೇಲೆ ಹಸಿ ಕಾಯಿಪಲ್ಯ: ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಹಕ್ಕರಿಕೆ, ಎಳೆ ಮೆಂತ್ಯ. ಬಲಕ್ಕೆ ಎಣಗಾಯಿ, ಮಡಕಿಕಾಳು ಪಲ್ಯ, ಝುಣಕ. ಕೊನೆಗೆ ರೊಟ್ಟಿ ಮತ್ತು ಒಂದು ಉಂಡೆ ಬೆಣ್ಣೆ. ಬೆಣ್ಣೆಯನ್ನು ಮೊದಲ ರೊಟ್ಟಿಗೇ ಪೂರ್ತಿ ಹಚ್ಚಿಬಿಡಬೇಡಿ, ಮೂರನೇ ರೊಟ್ಟಿಯ ಹೊತ್ತಿಗೆ ಖಾರ ಏರಿರುತ್ತದೆ, ಆಗ ಬೇಕಾಗುತ್ತದೆ.

ಒಲೆ ಹಿತ್ತಲಲ್ಲಿದೆ, ಕೋಣೆಯಿಂದ ಮೂಡಣಕ್ಕೆ, ನಡುವೆ ತೆರೆದ ಅಂಗಳ. ಮಳೆಗಾಲದ ಪಡುವಣ ಗಾಳಿ ಹೊಗೆಯನ್ನು ಮನೆಯಿಂದ ಆಚೆ ಒಯ್ಯುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ಹಿತ್ತಲ ಬಾಗಿಲು ಮುಚ್ಚಿ, ಪಕ್ಕದ ಓಣಿ ಸುತ್ತಿ ರೊಟ್ಟಿ ತರುತ್ತಾರೆ. ಆ ತಿಂಗಳುಗಳಲ್ಲಿ ರೊಟ್ಟಿ ಬುಟ್ಟಿಗೆ ಮೇಲೆ ಕೆಳಗೆ ಎರಡು ಬಟ್ಟೆ ಇರುತ್ತದೆ. ಆದರೂ ಬಿಸಿ ಸ್ವಲ್ಪ ಕಡಿಮೆಯೇ, ಅದನ್ನು ಒಪ್ಪಿಕೊಂಡೇ ಹೋಗಬೇಕು. ಒಗ್ಗರಣೆಗಳೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿದಿರುತ್ತವೆ. ಎಣ್ಣೆ ಕಾದಾಗ ಏಳುವ ಆವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹೋಗಿ ತಣ್ಣಗಿನ ಬಟ್ಟೆಗೆ ಅಂಟುತ್ತದೆ. ಅದರ ಮೇಲೆ ಗದಗಿನ ಕರಿಮಣ್ಣಿನ ಧೂಳು ಕೂತರೆ ಕಪ್ಪು ಪೊರೆ. ನೀರು ಮುಟ್ಟಿಸುವ ಹಾಗಿಲ್ಲದ ಬಣ್ಣದಿಂದ ಆ ಪೊರೆ ಬಿಡಿಸುವ ಉಪಾಯವಿಲ್ಲ. ಮಿರ್ಚಿ ಕರಿಯುವ ಬಾಣಲೆ ದಿನವಿಡೀ ಕಾದಿರಬೇಕಾದ್ದು, ಅದನ್ನು ಹಿತ್ತಲಲ್ಲಿಟ್ಟರೂ ನಡೆಯುವುದಿಲ್ಲ.

ಹೀಗೆ ಕಟ್ಟುಹಾಕಿಕೊಂಡ ಅಡುಗೆ ಸಪ್ಪೆಯಾಗಿದೆಯೇ ಎಂದರೆ, ಇಲ್ಲ. ಎಣಗಾಯಿ ಇಲ್ಲಿ ತಿಂದದ್ದೇ ಬೇರೆ. ಎಳೆ ಮುಳಗಾಯಿಯನ್ನು (ಬದನೆಕಾಯಿ) ತೊಟ್ಟು ಬಿಡದೆ ನಾಲ್ಕು ಸೀಳಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆಖಾರ ಕುಟ್ಟಿದ್ದನ್ನು ತುಂಬಿ, ಎಣ್ಣೆ ಸವರಿದ ಮಣ್ಣಿನ ಗಡಿಗೆಯಲ್ಲಿಟ್ಟು, ಮುಚ್ಚಿ, ಕೆಂಡದ ಬಿಸಿಗೆ ಬಿಡುತ್ತಾರೆ. ಜೋರು ಉರಿ ಕೊಟ್ಟರೆ ಶೇಂಗಾ ತಳ ಹಿಡಿದು ಕಹಿಯಾಗುತ್ತದೆ, ಕಾಯಿ ಒಳಗೆ ಗಟ್ಟಿಯಾಗಿ ಉಳಿಯುತ್ತದೆ. ಸಾವಕಾಶ ಬೆಂದಾಗ ಶೇಂಗಾ, ಕೊಬ್ಬರಿ ತಮ್ಮ ಎಣ್ಣೆಯನ್ನು ತಾವೇ ಬಿಡುತ್ತವೆ, ಮೇಲಿಂದ ಸುರಿಯುವುದೇ ಬೇಡ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರಕ್ಕೆ ಬೇರೆ ಕಾಯಿ ಬೆರೆಸುತ್ತಾರೆ. ಕೆಂಪು ನೋಡಿ ಹೆದರುವವರು ಹೆದರಬೇಕಾದ್ದು ರಂಜಕಕ್ಕೆ.

ರೊಟ್ಟಿ ಬಡಿಯುವುದನ್ನು ನೋಡಬೇಕೆಂದರೆ ಕೇಳಿ, ಇಬ್ಬಿಬ್ಬರನ್ನು ಹಿತ್ತಲಿಗೆ ಬಿಡುತ್ತಾರೆ. ಬಿಳಿಜೋಳದ ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರು ಹೊಯ್ದು, ಮೊದಲು ಕಟ್ಟಿಗೆಯಿಂದ ತಿರುವಿ, ಕೈಗೆ ತಾಳುವಷ್ಟಾದ ಕೂಡಲೇ ನಾದುತ್ತಾರೆ. ಗೋಧಿಯ ಹಾಗೆ ಜೋಳ ತಾನಾಗಿ ಜಿಗುಟು ಕಟ್ಟುವುದಿಲ್ಲ, ಬಿಸಿನೀರಿಗೆ ಪಿಷ್ಟ ಅರಳಿದರೆ ಮಾತ್ರ ಹಿಟ್ಟು ಹಿಡಿಯುತ್ತದೆ. ಎಸರು ತಣ್ಣಗಾಗಿದ್ದರೆ ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ. ಹೆಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಯ ಒಣಹಿಟ್ಟು ಒರೆಸಿ, ಆ ನೀರು ಆರುವ ಮುನ್ನ ಮಗುಚಬೇಕು. ಪೂರ್ತಿ ಆರಿದರೆ ಬಿರುಕು ಬಿಟ್ಟು ಉಬ್ಬುವುದಿಲ್ಲ. ಕಿಲೋ ಹಿಟ್ಟಿಗೆ ಹದಿನಾಲ್ಕು ಹದಿನೈದು ರೊಟ್ಟಿ. ಒಬ್ಬರೇ ಬಡಿಯುವುದರಿಂದ ಒಂದು ಪಂಕ್ತಿಗೆ ರೊಟ್ಟಿ ಸರತಿಯಲ್ಲಿ ಬರುತ್ತದೆ. ಎರಡು ರೊಟ್ಟಿಯ ನಡುವಿನ ಬಿಡುವಿನಲ್ಲಿ ಕಾಳು ಪಲ್ಯ ಖಾಲಿ ಮಾಡಿಬಿಟ್ಟರೆ ಆಮೇಲೆ ಒಣ ರೊಟ್ಟಿ ಉಳಿಯುತ್ತದೆ. ಆ ಹೊತ್ತಿನಲ್ಲಿ ತಲೆಯೆತ್ತಿ ಪರದೆ ನೋಡಿ, ಕುಣಿಯ ಜಾಗ ಇರುವುದೇ ಅದಕ್ಕೆ.

ಸಿಹಿ ಮಾದೇಲಿ. ಗೋಧಿ ಚಪಾತಿಯನ್ನು ಗರಿಯಾಗಿ ಬೇಯಿಸಿ, ಕುಟ್ಟಿ, ಬೆಲ್ಲ, ಪುಟಾಣಿ, ಗಸಗಸೆ, ಏಲಕ್ಕಿ ಸೇರಿಸಿದ್ದು. ಹಾಲು, ತುಪ್ಪ ಹಾಕಿಕೊಂಡು ತಿನ್ನಬೇಕು. ಮೂರು ರೊಟ್ಟಿಗೆ ನಿಲ್ಲಿಸಿದವರಿಗೆ ಇದಕ್ಕೆ ಜಾಗ ಇರುತ್ತದೆ. ಅನ್ನ, ಕಟ್ಟಿನ ಸಾರು, ಮಜ್ಜಿಗೆ ಕೊನೆಗೆ.

ತಟ್ಟೆ ತೆಗೆದು, ಹಲಗೆ ಒರೆಸಿ, ನೀರಿನ ತಂಬಿಗೆಗಳನ್ನೆಲ್ಲ ಹೊರಗೆ ಒಯ್ದ ಮೇಲೆ ಅರಣ್ಯ ಇಳಿಯುತ್ತದೆ. ಮೇಲಿಂದ ಧೂಳು ಬೀಳುವುದರಿಂದ ಊಟದ ನಡುವೆ ಇಳಿಸುವುದಿಲ್ಲ. ಸುರುಳಿಯ ಎರಡೂ ತುದಿಗೆ ಒಂದೊಂದು ಹಗ್ಗ, ಗಡಗಡಿಯ ಮೇಲೆ ಹಾದು ಬಂದಿರುತ್ತವೆ. ಇಬ್ಬರು ಹಿಡಿಯುತ್ತಾರೆ, ಮೂರನೆಯವರು ನಡುವೆ ನಿಂತು ಬಿದಿರು ಸಮತಟ್ಟಾಗಿದೆಯೇ ಎಂದು ನೋಡುತ್ತ "ಎಡಕ್ಕ ಬಿಡ್ರಿ, ಬಲಕ್ಕ ಹಿಡೀರಿ" ಎನ್ನುತ್ತಿರುತ್ತಾರೆ. ಒಂದು ಬದಿ ಬೇಗ ಇಳಿದರೆ ಬಟ್ಟೆ ಓರೆಯಾಗಿ ಮೂಲೆಯಿಂದ ಮೂಲೆಗೆ ಸುಕ್ಕು ಬೀಳುತ್ತದೆ. ಆ ಸುಕ್ಕಿನ ಗುಂಟ ಬಣ್ಣ ಒಡೆದು ಉದುರುತ್ತದೆ. ಅರಣ್ಯದಲ್ಲಿ ಅಂಥ ಒಂದು ಗೆರೆ ಈಗಾಗಲೇ ಇದೆ, ಆಲದ ಬಿಳಲಿನ ನಡುವೆ ಬಿಳಿಯಾಗಿ ಕಾಣುತ್ತದೆ. ಸಹಾಯ ಮಾಡಲು ಹಗ್ಗಕ್ಕೆ ಕೈ ಹಾಕಬೇಡಿ.

ಮೂರರಲ್ಲಿ ಇದೇ ಉತ್ತಮ. ಎದುರಿನ ಮರಗಳನ್ನು ಕಡುಕಂದಿನಲ್ಲಿ, ಹಿಂದಿನವನ್ನು ಹಸಿರಿನಲ್ಲಿ, ಅದಕ್ಕೂ ಹಿಂದಿನವನ್ನು ತೆಳು ನೀಲಿಯಲ್ಲಿ ಬರೆದಿದ್ದಾರೆ. ನೀಲಿ ಪದರದಲ್ಲಿ ಎಲೆ ಎಂಬುದೇ ಇಲ್ಲ, ಒದ್ದೆ ಸ್ಪಂಜು ಒತ್ತಿದ ಗುರುತುಗಳು. ಕೋಣೆಯ ದೀಪ ಆರಿಸಿ ಒಂದು ಬದಿಯಿಂದ ಒಂದೇ ಹಳದಿ ಬಲ್ಬು ಹಾಕಿದಾಗ ಕಂದು ಮರಗಳು ಮುಂದೆ ಬರುತ್ತವೆ, ಕೊಳದ ನೀರು ಹಿಂದೆ ಸರಿಯುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಛಾಪಖಾನೆಯ ಚಿತ್ರಗಳು ಮನೆಮನೆಗೆ ಬಂದ ಮೇಲೆ ಇಂಥ ಕೊಳ, ಹಂಸ, ಕಮಲ ಪರದೆಗಳಿಗೂ ಇಳಿದವು. ಇಲ್ಲಿಯ ಕೊಳದಲ್ಲಿ ಹಂಸದ ಜೊತೆ ಒಂದು ಟಿಟ್ಟಿಭ ಹಕ್ಕಿಯೂ ನಿಂತಿದೆ, ನಮ್ಮ ಕೆರೆ ಅಂಚಿನದು. ಅದನ್ನು ಬರೆದವರು ಮುದ್ರಿತ ಚಿತ್ರ ನೋಡಿ ಬರೆದಿಲ್ಲ, ಕೆರೆ ನೋಡಿ ಬರೆದಿದ್ದಾರೆ.

ಮಳೆ ಹಿಡಿದ ದಿನ ಅರಣ್ಯ ಇಳಿಯುವುದಿಲ್ಲ. ಮರವಜ್ರ ತೇವ ಹೀರಿ ಮೆತ್ತಗಾಗುತ್ತದೆ, ಆಗ ಬಿಚ್ಚಿ ಸುತ್ತಿದರೆ ಒಂದು ಮೈಯ ಬಣ್ಣ ಇನ್ನೊಂದಕ್ಕೆ ಅಂಟುತ್ತದೆ. ಆಷಾಢ, ಶ್ರಾವಣದ ಜಿಟಿಜಿಟಿಯಲ್ಲಿ ಮೂರೂ ಪರದೆಗಳನ್ನು ಬೇವಿನ ಒಣ ಎಲೆ ಹಾಕಿ ಸುತ್ತಿ, ಮೇಲೆ ಹಳೇ ಧೋತರ ಹೊದಿಸಿಬಿಡುತ್ತಾರೆ, ಖಾನಾವಳಿ ಬಂದ್. ಗಂಜಿ ಮತ್ತು ಅಂಟಿನ ವಾಸನೆಗೆ ಇಲಿ, ಜಿರಳೆ ಬರುವುದರಿಂದ ಆ ಕೋಣೆಯಲ್ಲಿ ಕಾಳಿನ ಚೀಲ ಇಡುವುದಿಲ್ಲ, ಊಟದ ಒಂದು ಅಗುಳೂ ನೆಲದ ಮೇಲೆ ಉಳಿಯಬಾರದು. ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿಡಿ. ಮಕ್ಕಳಿಗೆ ಬೇಡ ಎಂದಿಲ್ಲ, ಅವರ ತಟ್ಟೆಯ ಕೆಳಗೆ ದೊಡ್ಡ ಬಾಳೆಎಲೆ ಹಾಸಿಕೊಡುತ್ತಾರೆ. ಹೋಗಲು ಒಳ್ಳೆಯ ಕಾಲ ದೀಪಾವಳಿ ಕಳೆದು ಯುಗಾದಿಯವರೆಗೆ. ಹಸಿ ಕಾಯಿಪಲ್ಯವೂ ಆಗಲೇ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿ ಪರದೆ ಚೆನ್ನಾಗಿರುತ್ತದೆ, ಕೋಣೆಯಲ್ಲಿ ಫ್ಯಾನಿಲ್ಲ. ಗಾಳಿಗೆ ಪರದೆ ಅಲ್ಲಾಡಿ ಬಣ್ಣ ಉದುರುತ್ತದೆ ಎಂದು ಹಾಕಿಸಿಲ್ಲ.

ಹಣ ಪಡಸಾಲೆಯಲ್ಲಿ ಕೊಡಬೇಕು, ಒಳಗೆ ತೆಗೆದುಕೊಳ್ಳುವುದಿಲ್ಲ. ಕಟಕ (ಒಣಗಿಸಿದ ಗರಿಗರಿ) ರೊಟ್ಟಿ, ಹಿಂಡಿಗಳನ್ನು ಕಟ್ಟಿಸಿಕೊಳ್ಳಬಹುದು. ರೊಟ್ಟಿಗೆ ಪ್ಲಾಸ್ಟಿಕ್ ಚೀಲ ಕೇಳಬೇಡಿ, ಸ್ವಲ್ಪ ತೇವ ಉಳಿದಿದ್ದರೂ ಒಳಗೇ ಬೆವರಿ ಎರಡು ದಿನದಲ್ಲಿ ಮುಗ್ಗಲು ಹಿಡಿಯುತ್ತದೆ. ಬಟ್ಟೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಯಲ್ಲಿಟ್ಟು ಕೊಡುತ್ತಾರೆ, ಬುಟ್ಟಿಗೆ ಬೇರೆ ಹಣ. ಅರಳಿದ ರೊಟ್ಟಿಗಳನ್ನು ಅಡ್ಡ ಪೇರಿಸಿದರೆ ಬಸ್ಸಿನ ಕುಲುಕಿಗೆ ಕೆಳಗಿನವು ಪುಡಿಯಾಗುತ್ತವೆ, ನಿಲ್ಲಿಸಿ ಜೋಡಿಸಲು ಹೇಳಿ.